ರೂಪ ಬದಲಿಸುವ ರೆಕ್ಕೆ

ಮುಂಬರುವ ಯುದ್ಧವಿಮಾನಗಳು ಹಾರುತ್ತಿರುವಾಗಲೇ ತಮ್ಮ ರೆಕ್ಕೆಯ ಆಕಾರವನ್ನು ಬದಲಿಸಿಕೊಳ್ಳುವುವೆಂಬ ಮಾತು ಈಗ ಅನೇಕರ ಬಾಯಲ್ಲಿದೆ. ಇದನ್ನು ಕೇಳಿದೊಡನೆ ಪುಷ್ಪಕವನ್ನು ಸ್ಮರಿಸಿ ಎದೆಯುಬ್ಬಿಸುವವರೂ ಉಂಟು. ಕಟ್ಟುಕಥೆಯೆಂದು ತಳ್ಳಿಬಿಡುವವರೂ ಉಂಟು. ಈರ್ವರ ಮತವೂ ನಮಗೆ ಗ್ರಾಹ್ಯವಲ್ಲ. ವಿಷಯವು ಲೋಹದ ಕುಲುಮೆಗೆ ಸಂಬಂಧಿಸಿದುದು. ಅಲ್ಲಿಯೇ ಅದನ್ನು ವಿಚಾರಿಸತಕ್ಕದ್ದು.

1903ರಲ್ಲಿ ರೈಟ್ ಸೋದರರು ಹಾರಿಸಿದ ಮೊದಲ ವಿಮಾನವೇ ರೂಪ ಬದಲಿಸುವ ರೆಕ್ಕೆಯುಳ್ಳದ್ದಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಚಾಲಕನು ಬೋರಲು ಮಲಗಿ ಸೊಂಟವನ್ನು ಅತ್ತಿತ್ತ ಸರಿಸಿದರೆ ತಂತಿಗಳು ಸೆಳೆದು, ಮರಕ್ಕೆ ಬಟ್ಟೆ ಹೊದಿಸಿದ ರೆಕ್ಕೆಯ ತುದಿಗಳು ತಿರುಚಿಕೊಳ್ಳುತ್ತಿದ್ದುವು. ವೇಗವು ಹೆಚ್ಚಿದಂತೆಲ್ಲ ಅಷ್ಟು ಮೆತ್ತನೆಯ ರೆಕ್ಕೆ ತಾಳದಾಯಿತು. ಆಗ ರೆಕ್ಕೆಯನ್ನು ಗಡುಸಾಗಿ ಕಟ್ಟಿ, ಬಾಗಿಲಿಗೆ ಕದವನ್ನು ಕೂಡಿಸುವಂತೆ ಅದರ ಹಿಂಬದಿಗೆ ಕೀಲುಹಲಗೆಗಳನ್ನು ಕೂಡಿಸುವ ಪದ್ಧತಿ ಬಂದಿತು. ಆ ಕೀಲಿನ ಸಂದುಗಳಲ್ಲಿ ಗಾಳಿ ತೊಡರುವುದು, ಇಂಧನ ವ್ಯರ್ಥವಾಗುವುದು; ಸಾಲದುದಕ್ಕೆ ಶತ್ರುವಿನ ರೇಡಾರ್ ಅಲೆಗಳು ಅಂತಹ ಸಂದುಗಳಿಂದ ಮರಳಿ ವಿಮಾನದ ಇರವನ್ನು ಬಯಲುಮಾಡುವುವು. ಯುದ್ಧವಿಮಾನಕ್ಕೆ ಸಂದಿಲ್ಲದ ರೆಕ್ಕೆ ಬೇಕೆನ್ನುವುದು ಬೆಡಗಿಗಾಗಿ ಅಲ್ಲ.

ನಡುವೆ, ಇಡೀ ರೆಕ್ಕೆಯನ್ನೇ ಹಿಂದಕ್ಕೂ ಮುಂದಕ್ಕೂ ಸರಿಸುವ ಸಾಹಸವೊಂದು ನಡೆಯಿತು. ಅದಕ್ಕೆ ಬೇಕಾದ ತಿರುಗಣೆಯು ಬಲು ಭಾರ, ಅಪಾಯವೂ ಇಲ್ಲದಿಲ್ಲ. ಅಮೆರಿಕದ ಎಫ್-111 ವಿಮಾನವೊಂದು ಸುಮಾರು ನೂರು ಗಂಟೆಗಳಷ್ಟು ಹಾರಿದೊಡನೆಯೇ, ತಿರುಗಣೆಯ ಉಕ್ಕಿನಲ್ಲಿ ಅಡಗಿದ್ದ ಬಿರುಕಿನ ದೆಸೆಯಿಂದ 1969ರ ಡಿಸೆಂಬರಿನಲ್ಲಿ ರೆಕ್ಕೆ ಕಳಚಿ ಬಿದ್ದಿತು. ನಾಸಿಕದಲ್ಲಿ ಕಟ್ಟಲ್ಪಟ್ಟ ನಮ್ಮ ಮಿಗ್-27 ವಿಮಾನಗಳೂ ಇದೇ ಜಾತಿಯವು. 2019ರ ಡಿಸೆಂಬರಿನಲ್ಲಿ ಜೋಧಪುರದಲ್ಲಿ ಅವು ಸೇವೆಯಿಂದ ನಿವೃತ್ತವಾದುವು.

ಕೀಲನ್ನೂ ತಿರುಗಣೆಯನ್ನೂ ಬಿಟ್ಟು ಲೋಹವನ್ನೇ ಚಲಿಸುವಂತೆ ಮಾಡಬಾರದೇಕೆ? 1959ರ ಸುಮಾರಿಗೆ ಅಮೆರಿಕದ ನೌಕಾದಳದ ಆಯುಧ ಪ್ರಯೋಗಶಾಲೆಯಲ್ಲಿ ವಿಲಿಯಂ ಬ್ಯೂಲರ್ ಎಂಬವರ ಕೈಗೆ ಬಂದ ನಿಟಿನಾಲ್ ಎಂಬ ಮಿಶ್ರಲೋಹವು ಅಂತಹದು. ನಿಕಲ್ ಮತ್ತು ಟೈಟೇನಿಯಂ ಬೆರೆತ ಈ ಲೋಹವನ್ನು ತಣ್ಣಗಿರುವಾಗ ಬಗ್ಗಿಸಿ, ಅನಂತರ ಕಾಯಿಸಿದರೆ, ಹಳೆಯ ಆಕಾರವನ್ನು ನೆನೆದಂತೆ ಅದಕ್ಕೆ ಮರಳುವುದು. ಪರಮಾಣುಗಳ ಜೋಡಣೆಯು ತಂಪಿನಲ್ಲಿ ಒಂದು ಬಗೆ, ಶಾಖದಲ್ಲಿ ಇನ್ನೊಂದು ಬಗೆಯಾಗುವುದೇ ಕಾರಣ. ಎಫ್-14 ವಿಮಾನದ ತೈಲದ ಕೊಳವೆಗಳನ್ನು ಈ ಲೋಹದ ಬಳೆಗಳಿಂದಲೇ ಬೆಸೆದರು. ಕೊಳವೆಗಿಂತ ಕಿರಿದಾದ ಬಳೆಯನ್ನು ದ್ರವ ಸಾರಜನಕದ ಚಳಿಯಲ್ಲಿ ಹಿಗ್ಗಿಸಿ ತೊಡಿಸುವರು. ಸಾಮಾನ್ಯ ಶಾಖಕ್ಕೆ ಬಂದೊಡನೆ ಅದು ಕುಗ್ಗಿ ಬಿಗಿಯಾಗಿ ಹಿಡಿಯುವುದು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ತೊಡಿಸುವ ನಮ್ಮೂರ ಕಮ್ಮಾರನ ಉಪಾಯವೇ ಇದು, ತಿರುಗುಮುರುಗಾಗಿ! ಆ ಎಫ್-14 ವಿಮಾನವೂ ರೆಕ್ಕೆ ಸರಿಸುವ ಜಾತಿಯದೇ. ಜನರೆಲ್ಲ ಅದರ ಭಾರಿ ತಿರುಗಣೆಯನ್ನು ನೋಡಿ ಬೆರಗಾದರು. ಭವಿಷ್ಯವು ಕೊಳವೆಯ ಬಳೆಯಲ್ಲಿ ಅಡಗಿದ್ದಿತು.

ಆದರೆ ಲೋಹದ ಗುಣವನ್ನು ಹೊಗಳಿ ದೋಷವನ್ನು ಮುಚ್ಚುವುದು ಪತ್ರಿಕಾಧರ್ಮವಲ್ಲ. ನಿಟಿನಾಲ್ ಬೇಗ ಕಾಯಬಹುದು, ಬೇಗ ಆರದು. ಕ್ಷಣಕ್ಷಣಕ್ಕೂ ಅಲುಗಬೇಕಾದ ಹಲಗೆಗೆ ಇದು ಒಗ್ಗದು. ವಿದ್ಯುತ್ತು ಸೋಕಿದರೆ ಹಿಗ್ಗುವ ಪೀಜೋ ದ್ರವ್ಯಗಳು ಮಿಂಚಿನಂತೆ ಚಲಿಸುವುವು, ಆದರೆ ಚಲಿಸುವುದು ಸಾವಿರದಲ್ಲಿ ಒಂದು ಪಾಲಿನಷ್ಟು. ಇವೆರಡಕ್ಕಿಂತಲೂ ಕಠಿನವಾದುದು ಚರ್ಮದ ಪ್ರಶ್ನೆ. ರೆಕ್ಕೆಯ ಹೊರಹೊದಿಕೆಯು ರಬ್ಬರಿನಂತೆ ಹಿಗ್ಗಬೇಕು, ಗಾಳಿಯ ಹೊಡೆತಕ್ಕೆ ಉಕ್ಕಿನಂತೆ ನಿಲ್ಲಬೇಕು. ಈ ಎರಡು ಗುಣಗಳನ್ನು ಒಂದೇ ವಸ್ತುವಿನಲ್ಲಿ ಕೂಡಿಸುವುದು ಸುಲಭವಲ್ಲ.

2014 ಮತ್ತು 2015ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೂ ಅಲ್ಲಿಯ ವಾಯುಪಡೆಯ ಪ್ರಯೋಗಶಾಲೆಯೂ ಕೂಡಿ, ಮಿಷಿಗನ್ ವಿಶ್ವವಿದ್ಯಾನಿಲಯದ ಶ್ರೀಧರ ಕೋಟ ಅವರ ಕಂಪೆನಿಯು ನಿರ್ಮಿಸಿದ ಸಂದಿಲ್ಲದ ಬಾಗುಹಲಗೆಯನ್ನು ಗಲ್ಫ್‌ಸ್ಟ್ರೀಮ್ ವಿಮಾನಕ್ಕೆ ತೊಡಿಸಿ ಹಾರಿಸಿದುವು. ಅದು ಕೆಳಮುಖವಾಗಿ 30 ಡಿಗ್ರಿಗಳವರೆಗೂ ಬಾಗಬಲ್ಲುದು. ಆದರೂ ಪ್ರತಿ ಹಾರಾಟಕ್ಕೆ ಮುನ್ನ ಅದನ್ನು ಒಂದೇ ಕೋನಕ್ಕೆ ಬಿಗಿದಿದ್ದರೆಂಬುದನ್ನು ಮರೆಯಲಾಗದು. 2017ರಲ್ಲಿ ನಾಸಾ ಸಂಸ್ಥೆಯು ಚಾಲಕರಹಿತವಾದ ಸಣ್ಣ ವಿಮಾನವೊಂದರ ರೆಕ್ಕೆತುದಿಗಳನ್ನು ಹಾರಾಟದಲ್ಲಿಯೇ ಈ ನೆನಪುಳ್ಳ ಲೋಹದಿಂದ ಮಡಿಸಿ ತೋರಿಸಿತು. ಇವೆಲ್ಲ ಪರೀಕ್ಷೆಗಳು, ಸೇನೆಯ ಸಿದ್ಧ ಆಯುಧಗಳಲ್ಲ.

ಇನ್ನು ನಮ್ಮ ಮಾತು. ತೇಜಸ್ ವಿಮಾನದ ಹೊರಮೈಯ ಬಹುಭಾಗವು ಇಂಗಾಲದ ನಾರಿನ ಹೊದಿಕೆ. ಆ ವಿದ್ಯೆಯು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೇ ಮೊದಲಾದ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ದುಡಿದುದರಿಂದ ಬಂದಿತಲ್ಲದೆ ಪೇಟೆಯಲ್ಲಿ ಕೊಂಡು ತಂದುದಲ್ಲ. 2024ರ ಮಾರ್ಚಿಯಲ್ಲಿ ಕೇಂದ್ರ ಸರಕಾರವು ಮುಂದಿನ ಪೀಳಿಗೆಯ ಆಮ್ಕಾ ವಿಮಾನದ ವಿನ್ಯಾಸಕ್ಕೆ ಸುಮಾರು 15,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಪರೀಕ್ಷೆಗೆ ನಿಲ್ಲದ ಬಾಗುವ ರೆಕ್ಕೆಯನ್ನು ಆ ವಿಮಾನದ ಹೆಗಲಿಗೆ ಹೇರಿ ಕಾಲಹರಣ ಮಾಡುವುದು ನಮಗೆ ಸರಿಯೆಂದು ತೋರದು. ಚಾಲಕರಹಿತ ಸಣ್ಣ ವಿಮಾನಗಳಲ್ಲಿ ಮೊದಲು ಪರೀಕ್ಷೆ ನಡೆಯಲಿ. ಬಿದ್ದರೆ ಯಂತ್ರ ಹೋಗುವುದು, ಮನುಷ್ಯನು ಉಳಿಯುವನು. ನೆನಪುಳ್ಳ ಲೋಹಕ್ಕೂ ಹಿಗ್ಗುವ ಚರ್ಮಕ್ಕೂ ಆಯವ್ಯಯದಲ್ಲಿ ಬೇರೆಯೇ ಒಂದು ಮೊತ್ತವನ್ನು ಈಗಲೇ ತೆಗೆದಿರಿಸಲಿ. ಆಮ್ಕಾದ ಅನಂತರದ ವಿಮಾನದ ನಕ್ಷೆಯನ್ನು ಬರೆಯತೊಡಗುವ ದಿನ, ಬೇಕಾದ ಲೋಹದ ಸರಳು ಬೆಂಗಳೂರಿನ ಪ್ರಯೋಗಶಾಲೆಯ ಮೇಜಿನ ಮೇಲೆ ಸಿದ್ಧವಾಗಿರಬೇಕು.