ಜ್ವರ ಇಲ್ಲ ಅಂತ ಸುಮ್ಮನಿರಬೇಡಿ, ಕಫದ ಬಣ್ಣ ನೋಡಿ

ಡಿಸೆಂಬರ್ ಬಂತೆಂದರೆ ನಮ್ಮ ನಂದಿನಿ ಲೇಔಟ್‌ನಲ್ಲಿ ಬೆಳಗ್ಗೆ ಆರಕ್ಕೆ ಹಾಲು ತರಲು ಹೋದರೆ ಮೈ ನಡುಗುತ್ತೆ. ಒಂದು ಕಡೆ ಗೊರಗುಂಟೆಪಾಳ್ಯ ಸಿಗ್ನಲ್ಲಿನ ಲಾರಿಗಳ ಹೊಗೆ, ಅದರಾಚೆ ಪೀಣ್ಯ. ಇಂಥ ಬೆಳಗಿನಲ್ಲಿ ಮನೆಯ ಹಿರಿಯರು ಬಚ್ಚಲಲ್ಲಿ ನಿಂತು ಕೆಮ್ಮುವ ಸದ್ದು ನಿಮ್ಮ ಮನೆಯಲ್ಲೂ ಕೇಳಿಸುತ್ತಿರಬಹುದು. ‘ಅಯ್ಯೋ, ಅವರದು ಹಳೇ ಕೆಮ್ಮು, ಚಳಿಗೆ ಜಾಸ್ತಿಯಾಗುತ್ತೆ ಅಷ್ಟೆ’ ಅಂದುಕೊಂಡು ನೀವು ಕುಕ್ಕರ್ ಇಡಲು ಹೋಗುತ್ತೀರಿ. ಎರಡು ವರ್ಷದ ಹಿಂದೆ ನಾನೂ ಹಾಗೇ ಮಾಡಿದ್ದೆ.

ನಮ್ಮತ್ತೆಗೆ ಸಿಒಪಿಡಿ. ವರ್ಷಗಟ್ಟಲೆ ಹೊಗೆ ಸೇವಿಸಿ ಶ್ವಾಸನಾಳಗಳು ಊದಿಕೊಂಡು, ಕಿರಿದಾಗಿ, ಮತ್ತೆ ಪೂರ್ತಿ ಮೊದಲಿನಂತಾಗದ ಕಾಯಿಲೆ ಇದು. ‘ನಾನೇನು ಬೀಡಿ ಸೇದಿದ್ನಾ?’ ಅಂತ ಅವರು ಡಾಕ್ಟರನ್ನೇ ಕೇಳಿದ್ದರು. ಸೇದಿದ್ದು ಬೀಡಿಯಲ್ಲ, ಸೌದೆ ಒಲೆಯ ಹೊಗೆ. ಮೈಸೂರು ಕಡೆಯ ಹಳ್ಳಿಯಲ್ಲಿ ಅವರು ಇಪ್ಪತ್ತೈದು ವರ್ಷ ದಿನಕ್ಕೆ ಮೂರು ಗಂಟೆಯಾದರೂ ಒಲೆ ಮುಂದೆ ಕೂತವರು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಅದೇ ಜಿಲ್ಲೆಯ ಹಳ್ಳಿ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದ್ದಾರೆ. ದಿನಕ್ಕೆ ಒಲೆ ಮುಂದೆ ಕಳೆದ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿ. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತೆ. ನಮ್ಮತ್ತೆಯದು 75. ನಿಮ್ಮ ಅಮ್ಮನದು, ಅತ್ತೆಯದು ಎಷ್ಟಾಗುತ್ತೆ, ಒಮ್ಮೆ ಕೂತು ಗುಣಿಸಿ ನೋಡಿ.

ಆ ಚಳಿಗಾಲದಲ್ಲಿ ‘ನಾಲ್ಕು ದಿನದಿಂದ ಕಫ ಜಾಸ್ತಿ ಕಣಮ್ಮ’ ಅಂದರು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಜ್ವರ ಇಲ್ಲವಲ್ಲ, ಇನ್‌ಫೆಕ್ಷನ್ ಆಗಿರಲಾರದು ಅಂತ ನನ್ನ ಲೆಕ್ಕ. ಮೆಣಸು, ಶುಂಠಿ ಹಾಕಿ ಕಷಾಯ ಕೊಟ್ಟೆ. ಡಬ್ಬಿಯಲ್ಲಿ ಹಿಂದಿನ ಸಲದ ಆ್ಯಂಟಿಬಯಾಟಿಕ್ ಮೂರು ಮಾತ್ರೆ ಉಳಿದಿತ್ತು, ಜಾಣೆಯ ಹಾಗೆ ಅದನ್ನೂ ಕೊಟ್ಟೆ. ಆರನೇ ದಿನ ರಾತ್ರಿ ಅವರು ಮಲಗಲಾರದೆ ದಿಂಬಿಗೆ ಒರಗಿ ಕೂತಿದ್ದರು. ಒಂದು ಮಾತು ಮುಗಿಸಲು ಮೂರು ಸಲ ಉಸಿರೆಳೆದುಕೊಳ್ಳುತ್ತಿದ್ದರು. ಎಂಟು ದಿನ ಆಸ್ಪತ್ರೆಯಲ್ಲಿದ್ದೆವು. ದಾಖಲು ಮಾಡುವಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ‘ಕಫದ ಬಣ್ಣ ಯಾವತ್ತಿನಿಂದ ಬದಲಾಯಿತು?’ ನಾನು ನೋಡಿಯೇ ಇರಲಿಲ್ಲ.

ಈ ಪ್ರಶ್ನೆ ಯಾಕೆ ಅಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಶ್ವಾಸಕೋಶ ತನ್ನನ್ನು ಹೇಗೆ ಕಾಯ್ದುಕೊಳ್ಳುತ್ತೆ ಅಂತ ನೋಡಬೇಕು. ನಾವು ದಿನಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಎಳೆದುಕೊಳ್ಳುತ್ತೇವೆ, ಅದರ ಜೊತೆ ಧೂಳು, ಬ್ಯಾಕ್ಟೀರಿಯಾ ಎಲ್ಲ ಒಳಗೆ ಬರುತ್ತವೆ. ಶ್ವಾಸನಾಳದ ಒಳಗೋಡೆಯ ಮೇಲೆ ತೆಳುವಾದ ಲೋಳೆ ಇರುತ್ತೆ, ಬಂದ ಕಸ ಅದಕ್ಕೆ ಅಂಟಿಕೊಳ್ಳುತ್ತೆ. ಲೋಳೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬೀಸುತ್ತಾ ಅದನ್ನು ಗಂಟಲಿನ ಕಡೆಗೆ ಗುಡಿಸುತ್ತಲೇ ಇರುತ್ತವೆ. ನಮಗೆ ಗೊತ್ತೇ ಆಗದೆ ಅದನ್ನು ನುಂಗಿಬಿಡುತ್ತೇವೆ. ಗುಡಿಸುವಾಗ ತಪ್ಪಿಸಿಕೊಂಡು ಆಳಕ್ಕೆ ಇಳಿದದ್ದನ್ನು ಅಲ್ಲಿ ಕಾವಲಿರುವ ಭಕ್ಷಕ ಕೋಶಗಳು ಹಿಡಿದು ತಿನ್ನುತ್ತವೆ.

ನಮ್ಮ ದೇಹದಲ್ಲಿ ಹೀಗೆ ತಿನ್ನುವ ಕೋಶಗಳಿವೆ ಅನ್ನುವ ಊಹೆ ಹುಟ್ಟಿದ ಕಥೆ ಚೆನ್ನಾಗಿದೆ. 1882ರಲ್ಲಿ ಇಟಲಿಯ ಮೆಸ್ಸಿನಾ ಊರಿನಲ್ಲಿದ್ದ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್, ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ ಒಬ್ಬನೇ ಕೂತು ಈ ಬಗ್ಗೆ ಯೋಚಿಸಿದ. ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಮುಳ್ಳು ಚುಚ್ಚಿಟ್ಟು ಮಾರನೇ ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು! ಈ ಕೆಲಸಕ್ಕೆ 1908ರಲ್ಲಿ ನೊಬೆಲ್ ಬಂತು. (ಮನೆಯವರು ಹೊರಗೆ ಹೋದರೆ ನಮಗೆ ಸಿಗುವುದು ಬೀರು ಜೋಡಿಸುವ ಕೆಲಸ!)

ಸರಿ, ಸಿಒಪಿಡಿ ಇರುವವರಲ್ಲಿ ಏನಾಗುತ್ತೆ? ಹೊಗೆಯಿಂದ ರೋಮಗಳು ಉದುರುತ್ತವೆ, ಉಳಿದವು ಸೋತಿರುತ್ತವೆ. ಲೋಳೆ ಹೆಚ್ಚಾಗಿ, ಗಟ್ಟಿಯಾಗಿ, ಗುಡಿಸುವವರಿಲ್ಲದೆ ಅಲ್ಲೇ ನಿಲ್ಲುತ್ತೆ. ಇನ್ನು ಭಕ್ಷಕ ಕೋಶಗಳು ಕಡಿಮೆಯಾಗಿರುತ್ತವೆ ಅಂತ ನೀವಂದುಕೊಂಡಿದ್ದರೆ ಅದು ತಪ್ಪು. ಆರೋಗ್ಯವಂತರಿಗಿಂತ ಹಲವು ಪಟ್ಟು ಹೆಚ್ಚೇ ಇರುತ್ತವೆ. ಆದರೆ ಬ್ಯಾಕ್ಟೀರಿಯಾವನ್ನು ತಿನ್ನುವ ಅವುಗಳ ಶಕ್ತಿ ಕುಗ್ಗಿರುತ್ತೆ. ಮದುವೆಮನೆಯಲ್ಲಿ ಹತ್ತು ಜನ ಅಡುಗೆಯವರು ಬಂದು ನಿಂತಿದ್ದಾರೆ, ಪಾತ್ರೆಗೆ ಕೈ ಹಾಕುವವರೇ ಇಲ್ಲ ಅಂದರೆ ಹೇಗಿರುತ್ತೆ, ಹಾಗೆ.

ಆಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಗುಂಪುಗುಂಪಾಗಿ ಓಡಿಬರುತ್ತವೆ. ಇವು ಸುರಿಸುವ ಕಿಣ್ವಗಳು ಬ್ಯಾಕ್ಟೀರಿಯಾದ ಜೊತೆಗೆ ಶ್ವಾಸನಾಳದ ಗೋಡೆಯನ್ನೂ ಸುಡುತ್ತವೆ, ಉಳಿದ ರೋಮಗಳನ್ನೂ ಕೆಡಿಸುತ್ತವೆ, ಲೋಳೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಲೋಳೆ ಹೆಚ್ಚಾದರೆ ಬ್ಯಾಕ್ಟೀರಿಯಾಕ್ಕೆ ಮತ್ತೆ ಜಾಗ. ಈ ಸುತ್ತು ಪ್ರತಿ ಸಲ ಬಂದಾಗಲೂ ಶ್ವಾಸಕೋಶ ಸ್ವಲ್ಪ ಸವೆಯುತ್ತೆ. ನಮ್ಮತ್ತೆ ಆಸ್ಪತ್ರೆಯಿಂದ ಬಂದ ಮೇಲೆ ಮೊದಲಿನ ಹಾಗೆ ಮಹಡಿ ಮೆಟ್ಟಿಲು ಹತ್ತಲಿಲ್ಲ.

ಕಫ ಹಸಿರಾಗುವುದೂ ಈ ನ್ಯೂಟ್ರೋಫಿಲ್‌ಗಳಿಂದಲೇ. ಅವುಗಳೊಳಗಿನ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವದ ಬಣ್ಣವೇ ಹಸಿರು. 2000ರಲ್ಲಿ ಇಂಗ್ಲೆಂಡಿನ ಸಂಶೋಧಕರು ಸಿಒಪಿಡಿ ಉಲ್ಬಣಿಸಿದವರ ಕಫ ಪರೀಕ್ಷಿಸಿದಾಗ, ಹಸಿರು ಕಫದವರಲ್ಲಿ ನೂರಕ್ಕೆ 84 ಮಂದಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು, ಬಿಳಿ ಲೋಳೆಯವರಲ್ಲಿ 38 ಮಂದಿಯಲ್ಲಿ. ವಯಸ್ಸಾದವರಿಗೆ, ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಸೋಂಕಿದ್ದರೂ ಎಷ್ಟೋ ಸಲ ಜ್ವರ ಬರುವುದೇ ಇಲ್ಲ. ಹಾಗಾಗಿ ಹಣೆ ಮುಟ್ಟಿ ನಿರ್ಧಾರ ಮಾಡಬೇಡಿ.

ಏದುಸಿರು ಮಾಮೂಲಿಗಿಂತ ಹೆಚ್ಚಿದೆಯಾ, ಕಫ ಹೆಚ್ಚಿದೆಯಾ, ಬಿಳಿಯಿದ್ದದ್ದು ಹಳದಿ-ಹಸಿರಿಗೆ ತಿರುಗಿದೆಯಾ? 1987ರಲ್ಲಿ ಕೆನಡಾದ ವೈದ್ಯರು ಆ್ಯಂಟಿಬಯಾಟಿಕ್ ಯಾರಿಗೆ ಉಪಯೋಗವಾಗುತ್ತೆ ಅಂತ ನೋಡಲು ಹಿಡಿದ ಲಕ್ಷಣಗಳು ಇವೇ ಮೂರು. ಮೂರೂ ಇದ್ದವರಿಗೆ ಉಪಯೋಗ ಸ್ಪಷ್ಟವಾಗಿತ್ತು. ಇವುಗಳಲ್ಲಿ ಬದಲಾವಣೆ ಕಂಡರೆ ಅವತ್ತೋ ಮಾರನೇ ದಿನವೋ ಡಾಕ್ಟರಿಗೆ ತೋರಿಸಿ, ವಾರ ಕಾಯಬೇಡಿ. ತುಟಿ, ಉಗುರು ನೀಲಿಯಾದರೆ, ಮಾತು ಪೂರ್ತಿ ಮಾಡಲಾಗದಿದ್ದರೆ, ಮಂಕಾಗಿ ತೂಕಡಿಸುತ್ತಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಡ್ರಾಯರಿನಲ್ಲಿದ್ದರೆ ಹೊರಗೆ ತೆಗೆಯಿರಿ. ಚೆನ್ನಾಗಿರುವ ದಿನ ಅವರದು ಎಷ್ಟು ತೋರಿಸುತ್ತೆ ಅಂತ ಬರೆದಿಡಿ. ಈ ಕಾಯಿಲೆಯವರಿಗೆ ಮಾಮೂಲಿ ದಿನವೂ ಅದು ಕಡಿಮೆ ಇರಬಹುದು, ಹಳೆಯ ಸಂಖ್ಯೆ ಗೊತ್ತಿದ್ದರೆ ತಾನೇ ಇಳಿದದ್ದು ಗೊತ್ತಾಗುವುದು?

ಉಳಿದ ಮೂರು ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಅರ್ಧ ಕೋರ್ಸು ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲುವುದಿಲ್ಲ, ಆಮೇಲೆ ಮಾಡುವ ಕಫ ಪರೀಕ್ಷೆಯನ್ನೂ ಹಾದಿ ತಪ್ಪಿಸುತ್ತೆ. ಬಿಳಿ ಕಫಕ್ಕೆ, ವೈರಸ್ ನೆಗಡಿಗೆ ಅದು ಬೇಕಾಗಿಯೂ ಇಲ್ಲ. ಹಾಗೆಯೇ ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಕ್ಷಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ.

‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಟಾನಿಕ್ಕುಗಳ ಜಾಹೀರಾತು ನೋಡಿ ಮರುಳಾಗಬೇಡಿ. ಈ ಶ್ವಾಸಕೋಶದಲ್ಲಿ ಕೊರತೆ ಸೈನಿಕರದ್ದಲ್ಲ ಅಂತ ಆಗಲೇ ಹೇಳಿದೆನಲ್ಲ. ಕಷಾಯ ಗಂಟಲಿಗೆ ಹಿತ, ಕೊಡಿ, ಆದರೆ ಅದನ್ನು ಕೊಡುತ್ತಾ ದಿನ ತಳ್ಳಬೇಡಿ. ಅದಕ್ಕಿಂತ ಬೇಳೆ, ಮೊಟ್ಟೆ, ಹಾಲು ಚೆನ್ನಾಗಿ ತಿನ್ನಿಸಿ, ತೂಕ ಇಳಿದವರು ಸೋಂಕಿಗೆ ಬೇಗ ಸೋಲುತ್ತಾರೆ. ದೇವರಮನೆಯ ಊದುಬತ್ತಿ, ಸಾಂಬ್ರಾಣಿ, ರಾತ್ರಿಯ ಸೊಳ್ಳೆಬತ್ತಿ ಇವೂ ಹೊಗೆಯೇ. ಒಂದು ಸೊಳ್ಳೆಬತ್ತಿಯ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರಲ್ಲೇ ಅಳೆದಿದ್ದಾರೆ. ನಮ್ಮನೆಯಲ್ಲಿ ಈಗ ಸೊಳ್ಳೆಪರದೆ. ದೇವರಿಗೆ ತುಪ್ಪದ ದೀಪ ಸಾಕು ಅಂತ ಅತ್ತೆಯನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು!

ಕೆಲವು ಇನ್‌ಹೇಲರ್‌ಗಳಲ್ಲಿರುವ ಸ್ಟಿರಾಯ್ಡ್ ನ್ಯುಮೋನಿಯಾ ಸಾಧ್ಯತೆಯನ್ನು ತುಸು ಹೆಚ್ಚಿಸುತ್ತೆ ಅನ್ನುವುದು ನಿಜ. ಹಾಗಂತ ನೀವಾಗಿ ನಿಲ್ಲಿಸಬೇಡಿ, ಬೇಕೋ ಬೇಡವೋ ಡಾಕ್ಟರೇ ಹೇಳಲಿ. ಪ್ರತಿ ಸಲ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು.

ಕೊನೆಯದಾಗಿ ಲಸಿಕೆ. ಬ್ಯಾಕ್ಟೀರಿಯಾದ ಮೈಗೆ ಪ್ರತಿಕಾಯಗಳು ಅಂಟಿಕೊಂಡರೆ ಭಕ್ಷಕ ಕೋಶಕ್ಕೆ ಹಿಡಿಯಲು ಸುಲಭ. ನ್ಯುಮೋಕಾಕಲ್ ಲಸಿಕೆ ಅಂಥ ಪ್ರತಿಕಾಯಗಳನ್ನು ಮೊದಲೇ ತಯಾರಿಟ್ಟಿರುತ್ತೆ. ಫ್ಲೂ ಲಸಿಕೆ ಪ್ರತಿ ವರ್ಷ ಬೇಕು, ಯಾಕೆಂದರೆ ಫ್ಲೂ ಬಂದುಹೋದ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಸುಲಭವಾಗಿ ನುಗ್ಗುತ್ತೆ. ಯಾವುದು, ಯಾವಾಗ ಅಂತ ಡಾಕ್ಟರನ್ನು ಕೇಳಿ. ‘ಈ ವಯಸ್ಸಲ್ಲಿ ನಂಗ್ಯಾಕಮ್ಮ ಸೂಜಿ’ ಅಂತ ನಮ್ಮತ್ತೆ ಈ ವರ್ಷವೂ ಗೊಣಗಿದರು, ಆಟೋದಲ್ಲಿ ಕೂರಿಸಿಕೊಂಡು ಹೋಗಿ ಹಾಕಿಸಿಕೊಂಡು ಬಂದೆ.