ಕಿಟಕಿ ತಾವೇ ಕೂರಿಸಿದರೆ ಉಳಿಯುವುದೆಷ್ಟು?

ವಿದುರಾಶ್ವತ್ಥದ ದೇವಾಲಯಕ್ಕೆ ಬರುವ ಭಕ್ತರನ್ನು ನಂಬಿದ ಅಂಗಡಿಗಳಿರಲಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಪೇಟೆಗಳಿರಲಿ, ಮುಂದೆ ಅಂಗಡಿ ಹಿಂದೆ ವಾಸದ ಮನೆ ಎಂಬ ಏರ್ಪಾಡು ವರ್ತಕರಿಗೆ ಹೊಸದಲ್ಲ. ಇಂತಹ ಕಟ್ಟಡವನ್ನು ನವೀಕರಿಸುವಾಗ ಗೆದ್ದಲು ಹಿಡಿದ ಮರದ ಕಿಟಕಿಗಳನ್ನು ತೆಗೆದು, ಸಿದ್ಧವಾಗಿ ದೊರೆಯುವ ಅಲ್ಯೂಮಿನಿಯಂ ಅಥವಾ ಯುಪಿವಿಸಿ ಕಿಟಕಿಗಳನ್ನು ಮಾಲೀಕರೇ ಕೂರಿಸುವುದುಂಟು. ಕೂಲಿ ಉಳಿಯುವುದು ನಿಜ. ಆದರೆ ಆ ಉಳಿತಾಯ ಎರಡು ಕಡೆ ಸೋರಿಹೋಗಬಹುದು: ಒಂದು ಗೋಡೆಯಲ್ಲಿ, ಇನ್ನೊಂದು ಲೆಕ್ಕಪುಸ್ತಕದಲ್ಲಿ.

ಹಳೆಯ ಗೋಡೆಯಲ್ಲಿ ಕಿಟಕಿಯ ಜಾಗ ನೇರವಾಗಿರುವುದು ಅಪರೂಪ. ಅಗಲ, ಎತ್ತರಗಳನ್ನು ತಲಾ ಮೂರು ಕಡೆ ಅಳೆದು, ಅತಿ ಕಡಿಮೆ ಅಳತೆಯನ್ನೇ ಹಿಡಿದು, ಸುತ್ತಲೂ ಸುಮಾರು 5 ಮಿ.ಮೀ. ಸಂದು ಬಿಟ್ಟು ಚೌಕಟ್ಟಿಗೆ ಆರ್ಡರ್ ಕೊಡಬೇಕು. ರಸಮಟ್ಟದಿಂದ ಪರೀಕ್ಷಿಸಿದ ನಂತರವೇ ಬೋಲ್ಟ್ ಬಿಗಿಯಬೇಕು. ಕೆಳಗಿನ ಅಂಚು ಹೊರಕ್ಕೆ ಇಳಿಜಾರಾಗಿರದಿದ್ದರೆ ಮಳೆನೀರು ಒಳಗೇ ಇಳಿಯುತ್ತದೆ. ಗೋಡೆ ಒಡೆದು ಜಾಗ ಅಗಲಿಸುವುದಾದರೆ ಲಿಂಟಲ್‌ನ ಪ್ರಶ್ನೆ ಬರುತ್ತದೆ. ಅದು ಅನುಭವಿ ಮೇಸ್ತ್ರಿಯ ಕೆಲಸ.

ಇನ್ನು ಲೆಕ್ಕ. ರೂ. 40,000 ಬೆಲೆಯ ಕಿಟಕಿಗಳಿಗೆ ಶೇ. 18ರಂತೆ ರೂ. 7,200 ಜಿ.ಎಸ್.ಟಿ. ತಗಲುತ್ತದೆ. ಅರ್ಧದಷ್ಟು ಕಿಟಕಿಗಳು ಮನೆಯವಾದರೆ, ಆ ರೂ. 3,600ಕ್ಕೆ ಇನ್‌ಪುಟ್ ತೆರಿಗೆ ಜಮೆ ಇಲ್ಲ. ಅಂಗಡಿಯ ಪಾಲಿನಲ್ಲಿಯೂ, ಹಳೆಯದರ ಬದಲಿಗೆ ಹಾಕಿ ದುರಸ್ತಿ ವೆಚ್ಚವೆಂದು ಬರೆದುದಕ್ಕೆ ಮಾತ್ರ ಜಮೆ ದೊರೆಯುತ್ತದೆ. ಹೊಸದಾಗಿ ಕಿಟಕಿ ತೆರೆದು ಕಟ್ಟಡದ ಆಸ್ತಿಗೆ ಸೇರಿಸಿದರೆ ಕಾಯಿದೆಯ 17(5)ನೇ ಕಲಮು ಅದನ್ನು ತಡೆಯುತ್ತದೆ. ಕಾಂಪೋಸಿಷನ್ ವರ್ತಕರಿಗೆ ಜಮೆಯೇ ಇಲ್ಲ. ತಪ್ಪಾಗಿ ಪಡೆದು ಬಳಸಿದ ಜಮೆಗೆ ಶೇ. 18ರ ಬಡ್ಡಿ ತೆರಬೇಕಾಗುತ್ತದೆ.

ಮಾಲೀಕನ ಸ್ವಂತ ದುಡಿಮೆಗೆ ಕೂಲಿಯೆಂದು ಖರ್ಚು ಬರೆಯುವಂತಿಲ್ಲ. ಅಂಗಡಿಯ ದುರಸ್ತಿಗೆ ಕೆಲಸಗಾರನಿಗೆ ರೂ. 2,000 ಕೊಟ್ಟರೆ ಅದು ವ್ಯವಹಾರದ ವೆಚ್ಚ. ಆದಾಯ ತೆರಿಗೆಯ ಶೇ. 30ರ ಹಂತದಲ್ಲಿರುವವರಿಗೆ ಅದರಲ್ಲಿ ರೂ. 600 ತೆರಿಗೆ ಇಳಿಯುವುದರಿಂದ ನಿಜವಾದ ಹೊರೆ ರೂ. 1,400 ಮಾತ್ರ. ಇಷ್ಟನ್ನು ಉಳಿಸಲು ಜಾತ್ರೆಯ ದಿನವೋ ಸಂತೆಯ ದಿನವೋ ಅಂಗಡಿಯ ಬಾಗಿಲು ಹಾಕಿದರೆ, ಹೋದ ವ್ಯಾಪಾರ ಅದಕ್ಕಿಂತ ದೊಡ್ಡದಿರಬಹುದು. ಮನೆಯ ಕಿಟಕಿಗಾದರೋ ಇಂತಹ ತೆರಿಗೆ ವಿನಾಯಿತಿಯಿಲ್ಲ. ಅಲ್ಲಿ ಉಳಿಸಿದ ಕೂಲಿ ಪೂರ್ತಿ ಉಳಿತಾಯವೇ.

ಆದ್ದರಿಂದ ರಜೆಯ ದಿನ ಮನೆಯ ಕಿಟಕಿಯನ್ನು ತಾವೇ ಕೂರಿಸಿ, ಅಂಗಡಿಯದನ್ನು ಕೆಲಸ ಬಲ್ಲವರಿಗೆ ವಹಿಸಿ ರಸೀದಿ ಪಡೆಯುವುದು ಜಾಣತನ. ಎರಡಕ್ಕೂ ಖರೀದಿಯ ದಿನವೇ ಪ್ರತ್ಯೇಕ ಬಿಲ್ಲು ಮಾಡಿಸಿಕೊಂಡರೆ, ವರ್ಷಾಂತ್ಯದಲ್ಲಿ ಯಾವ ಕಿಟಕಿ ಯಾವ ಖಾತೆಯದೆಂದು ಹುಡುಕುವ ಪ್ರಮೇಯ ಬಾರದು.