ಬೇಸಗೆ ರಜೆಯಲ್ಲಿ ಬೇರೆ ಕಾಲೇಜು

ನಮ್ಮ ಲಾಯಿಲದಲ್ಲಿ ಬೇಸಗೆಯೆಂದರೆ ಮಾವು, ಹಲಸು ಮತ್ತು ಮೊಮ್ಮಕ್ಕಳು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಮಗಳ ಮಗಳು ಕಳೆದ ಬೇಸಗೆಯಲ್ಲಿ ಬರಲಿಲ್ಲ. ರಜೆಯಲ್ಲಿ ಬೇರೊಂದು ಕಾಲೇಜಿಗೆ ಸೇರಿದ್ದಾಳೆ ಎಂದಾಗ ಊರಲ್ಲಿ ಒಂದೇ ಪ್ರಶ್ನೆ: “ಎಂತ ಟೀಚರೇ, ಪುಳ್ಳಿ ಫೇಲಾ?”

ಫೇಲಲ್ಲ. ಡಾಕ್ಟರಾಗಲು ಬೇಕಾದ ಪಾಠಗಳನ್ನು ಆಕೆ ರಜೆಯಲ್ಲಿ ಓದುತ್ತಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನನಗೂ ಇದು ಹೊಸ ವಿಷಯ. ಅವಳಿಂದ ಕೇಳಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಅಲ್ಲಿ ದಾರಿಯೇ ಬೇರೆ

ನಮ್ಮಲ್ಲಿ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, ನೀಟ್ ಬರೆದು, ಸೀಟು ಸಿಕ್ಕಿದರೆ ಸೀದಾ ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ ಓದು, ಮತ್ತೆ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅಮೆರಿಕದಲ್ಲಿ ಬಹುತೇಕ ಮಕ್ಕಳು ಮೊದಲು ನಾಲ್ಕು ವರ್ಷದ ಪದವಿ ಓದಬೇಕು. ಪದವಿ ಸಂಗೀತದ್ದಾದರೂ ಆದೀತು, ಇತಿಹಾಸದ್ದಾದರೂ ಆದೀತು. ಆದರೆ ಅದರ ಜತೆಗೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ಇವನ್ನೆಲ್ಲ ಪ್ರಯೋಗಾಲಯ ಸಹಿತ ಮುಗಿಸಿರಬೇಕು. ಇದಕ್ಕೆ ‘ಪ್ರೀ-ಮೆಡ್’ ಎನ್ನುತ್ತಾರೆ. ಆಮೇಲೆ ‘ಎಂಕ್ಯಾಟ್’ ಎಂಬ ಪ್ರವೇಶ ಪರೀಕ್ಷೆ, ನಾಲ್ಕು ವರ್ಷ ವೈದ್ಯಕೀಯ ಕಾಲೇಜು, ಕೊನೆಗೆ ಕನಿಷ್ಠ ಮೂರು ವರ್ಷ ಆಸ್ಪತ್ರೆಯಲ್ಲಿ ತರಬೇತಿ.

ನಮ್ಮ ಹುಡುಗಿ ಓದುತ್ತಿದ್ದದ್ದು ಅರ್ಥಶಾಸ್ತ್ರ. ಹಿಂದಿನ ವರ್ಷ ಊರಿಗೆ ಬಂದಿದ್ದಾಗ ಅವಳ ಅಜ್ಜನಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಲ್ಲಿ ಅಜ್ಜನ ಬಲಗೈಗೆ ವ್ಯಾಯಾಮ ಮಾಡಿಸುವುದನ್ನು, ತೊದಲುವ ಮಾತನ್ನು ಒಂದೊಂದಾಗಿ ತಿದ್ದುವುದನ್ನು ಮೂರು ವಾರ ಪಕ್ಕದಲ್ಲೇ ಕೂತು ನೋಡಿದಳು. ಡಾಕ್ಟರಾಗುತ್ತೇನೆಂದು ತೀರ್ಮಾನಿಸಿದ್ದು ಆಮೇಲೆ. ಅಷ್ಟರಲ್ಲಿ ಪದವಿಯ ಎರಡು ವರ್ಷ ಕಳೆದಿತ್ತು.

ರಜೆಯಲ್ಲೇ ಯಾಕೆ?

ಈ ಪಾಠಗಳು ಏಣಿಯ ಮೆಟ್ಟಿಲಿದ್ದಂತೆ. ಸಾಮಾನ್ಯ ರಸಾಯನಶಾಸ್ತ್ರ ಮುಗಿಯದೆ ಸಾವಯವಕ್ಕೆ ಸೇರುವಂತಿಲ್ಲ. ಸಾವಯವ ಆಗದೆ ಜೀವರಸಾಯನಶಾಸ್ತ್ರ ಇಲ್ಲ. ಮೂರನೇ ವರ್ಷ ಅವಳು ಸಾಮಾನ್ಯ ರಸಾಯನಶಾಸ್ತ್ರ ಮುಗಿಸಿದಳು. ಸಾವಯವವನ್ನು ರಜೆಯಲ್ಲಿ ಮುಗಿಸದಿದ್ದರೆ ಇಡೀ ಒಂದು ವರ್ಷ ಮುಂದಕ್ಕೆ ಹೋಗುತ್ತಿತ್ತು.

ಸಾವಯವ ಎಂದರೆ ಹೆದರಬೇಡಿ ಮಕ್ಕಳೇ. ಅದು ಇಂಗಾಲದ ಸಂಯುಕ್ತಗಳ ಪಾಠ. ಕಾಳುಮೆಣಸಿನ ಖಾರಕ್ಕೆ ಕಾರಣ ಪಿಪರಿನ್, ಹುಣಸೆಯ ಹುಳಿಗೆ ಟಾರ್ಟಾರಿಕ್ ಆಮ್ಲ, ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ, ನಮ್ಮ ಅಡಿಕೆಯಲ್ಲಿ ಅರೆಕೊಲಿನ್. ನಮ್ಮ ತೋಟ, ಅಡುಗೆಮನೆ ಎರಡರಲ್ಲೂ ಇರುವುದು ಅದೇ.

ಅವಳ ವಿಶ್ವವಿದ್ಯಾಲಯ ದೂರದಲ್ಲಿದೆ. ರಜೆಯಲ್ಲೂ ಅಲ್ಲೇ ಓದಿದರೆ ಶುಲ್ಕ, ಕೋಣೆಯ ಬಾಡಿಗೆ ಎರಡೂ ಭಾರ. ಮನೆಯ ಹತ್ತಿರ ಕಮ್ಯುನಿಟಿ ಕಾಲೇಜು ಇದೆ. ಸುತ್ತಲಿನ ಊರಿನವರಿಗಾಗಿ ಸರಕಾರದ ಹಣದಲ್ಲಿ ನಡೆಯುವ, ಕಡಿಮೆ ಶುಲ್ಕದ ಕಾಲೇಜು ಅದು. ಇಂಥವುಗಳಲ್ಲಿ ಅತ್ಯಂತ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿದೆ. 1901ರಲ್ಲಿ ಅದು ಶುರುವಾದಾಗ ಇದ್ದ ವಿದ್ಯಾರ್ಥಿಗಳು ಆರೇ ಮಂದಿ!

ಸೇರುವ ಮೊದಲೇ ಕೇಳಬೇಕು

ಬೇರೆ ಕಾಲೇಜಿನ ಪಾಠ ನಮ್ಮ ಕಾಲೇಜಿನ ಲೆಕ್ಕಕ್ಕೆ ತಾನಾಗಿ ಬರುವುದಿಲ್ಲ. ಅವಳು ಮಾಡಿದ ಮೊದಲ ಕೆಲಸವೆಂದರೆ ಪಾಠಪಟ್ಟಿ ಹಿಡಿದು ತನ್ನ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ, “ಇದು ನಿಮ್ಮ ಪಾಠಕ್ಕೆ ಸಮವೇ?” ಎಂದು ಕೇಳಿ ಲಿಖಿತ ಒಪ್ಪಿಗೆ ಪಡೆದದ್ದು. ಎರಡನೆಯದು, ಸೇರಬೇಕೆಂದಿರುವ ವೈದ್ಯಕೀಯ ಕಾಲೇಜುಗಳನ್ನು ವಿಚಾರಿಸಿದ್ದು. ಕಮ್ಯುನಿಟಿ ಕಾಲೇಜಿನ ಪಾಠವನ್ನು ಕೆಲವು ಕಾಲೇಜುಗಳು ಧಾರಾಳವಾಗಿ ಒಪ್ಪುತ್ತವೆ, ಕೆಲವು ನಾಲ್ಕು ವರ್ಷದ ಪದವಿ ಕಾಲೇಜಿನಲ್ಲೇ ಓದಿರಲಿ ಎನ್ನುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಹೊರಗಿನ ಕಾಲೇಜಿನ ಅಂಕವನ್ನು ಅನೇಕ ವಿಶ್ವವಿದ್ಯಾಲಯಗಳು ತಮ್ಮ ಸರಾಸರಿಗೆ ಸೇರಿಸುವುದಿಲ್ಲ. ಪಾಠ ಮುಗಿಸಿದ್ದಾಳೆ ಎಂದಷ್ಟೇ ಬರೆದುಕೊಳ್ಳುತ್ತವೆ. ಹಾಗೆಂದು ಉದಾಸೀನ ಮಾಡುವಂತಿಲ್ಲ. ವೈದ್ಯಕೀಯಕ್ಕೆ ಅರ್ಜಿ ಹಾಕುವಾಗ ಓದಿದ ಎಲ್ಲ ಕಾಲೇಜುಗಳ ಅಂಕಪಟ್ಟಿಯನ್ನೂ ಕಳಿಸಬೇಕು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಓಟವೂ ಜೋರು. ಸುಮಾರು 15 ವಾರದ ಪಾಠವನ್ನು 6 ವಾರದಲ್ಲಿ ಮುಗಿಸುತ್ತಾರೆ. ಒಂದು ದಿನ ಜ್ವರ ಬಂದು ಮಲಗಿದರೆ ಅರ್ಧ ವಾರದ ಪಾಠ ಹೋದಂತೆ. ಬೆಳಗ್ಗೆ ತರಗತಿ, ಮಧ್ಯಾಹ್ನ ಪ್ರಯೋಗಾಲಯ, ರಾತ್ರಿ ಓದು.

ಇದಕ್ಕೆಲ್ಲ ಬೆಲೆಯಾಗಿ ಹೋದದ್ದು ಊರಿನ ರಜೆ. ಆ ಬೇಸಗೆಯನ್ನು ಅಜ್ಜನ ಜತೆ ಕಳೆಯಬೇಕೆಂದು ಅವಳಿಗೆ ಬಹಳ ಇತ್ತು. ಅಜ್ಜ ಇನ್ನೆಷ್ಟು ಬೇಸಗೆ ಎಂಬ ಅಳುಕು ನಮಗೆಲ್ಲರಿಗೂ ಇತ್ತು. ಕೊನೆಗೆ ವಿಡಿಯೋ ಕರೆಯಲ್ಲಿ ಅವರನ್ನೇ ಕೇಳಿದಳು. ಅವರಿಗೆ ಮಾತು ಇನ್ನೂ ಸರಿಯಾಗಿರಲಿಲ್ಲ. ಸ್ವಲ್ಪ ಹೊತ್ತು ತಡಕಾಡಿ, “ಕಲಿ” ಎಂದರು. ಅಷ್ಟೇ.

ನಮ್ಮ ಊರಲ್ಲೂ ಉಂಟು

ಏಪ್ರಿಲ್ ಬಂತೆಂದರೆ ನಮ್ಮ ಕಡೆಯ ಮಕ್ಕಳೂ ಚೀಲ ಹೊತ್ತು ಹೊರಡುತ್ತಾರೆ. ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿ, ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಕೆಲವರು, ಮಂಗಳೂರಿಗೆ ಕೆಲವರು. ಓದಿದ್ದು ಒಂದು ಕಾಲೇಜು, ನೀಟ್ ತರಬೇತಿ ಇನ್ನೊಂದು ಕಡೆ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ ಜೀವಶಾಸ್ತ್ರದ್ದು. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಕಡಿತ. ಕನ್ನಡದಲ್ಲೂ ಬರೆಯಬಹುದು.

ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳದೆ ಆಮೇಲೆ ಡಾಕ್ಟರಾಗುವ ಆಸೆ ಹುಟ್ಟಿದವರಿಗೆ ಹಿಂದೆ ಬಾಗಿಲು ಮುಚ್ಚಿತ್ತು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹನ್ನೆರಡನೇ ತರಗತಿಯ ಬಳಿಕವೂ ಮಾನ್ಯ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ನೀಟ್ ಬರೆಯಬಹುದು ಎಂದಿತು. ತಡವಾಗಿ ಮನಸ್ಸು ಮಾಡಿದ ಮಕ್ಕಳಿಗೆ ಇದು ದೊಡ್ಡ ಆಸರೆ.

ನನ್ನ ವಯಸ್ಸಿನವರಿಗೆ ಇನ್ನೊಂದು ನೆನಪಿರಬಹುದು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದರು. ಆಗ ಮಣಿಪಾಲದಲ್ಲಿ ಆಸ್ಪತ್ರೆಯ ಅನುಕೂಲ ಸಾಲದ್ದರಿಂದ ಮೊದಲ ವರ್ಷಗಳ ಪಾಠ ಅಲ್ಲಿ, ರೋಗಿಗಳ ಬಳಿ ಕಲಿಯುವುದು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ. ಪಾಠ ಸಿಗುವಲ್ಲಿಗೆ ವಿದ್ಯಾರ್ಥಿ ಹೋಗಿ ಕಲಿಯುವುದು ನಮಗೇನೂ ಹೊಸತಲ್ಲ.

ಮೊಮ್ಮಗಳು ಎರಡು ಭಾಗವನ್ನೂ ಮುಗಿಸಿದಳು. ಮೊದಲನೆಯದರಲ್ಲಿ ಬಿ ಪ್ಲಸ್, ಎರಡನೆಯದರಲ್ಲಿ ಎ. ಆಗಸ್ಟ್ ಕೊನೆಗೆ ಹತ್ತು ದಿನದ ಮಟ್ಟಿಗೆ ಬಂದಳು. ಮಾವು, ಹಲಸು ಎರಡೂ ಮುಗಿದಿದ್ದವು. ಕೆಸುವಿನೆಲೆಯ ಪತ್ರೊಡೆ ತಿಂದಳು. ದಿನಾ ಬೆಳಗ್ಗೆ ಅಜ್ಜನ ಕೈಯಲ್ಲಿ ಚೆಂಡು ಹಿಡಿಸಿ ಎಣಿಸುತ್ತಿದ್ದಳು.

ಮಕ್ಕಳೇ, ರಜೆಯಲ್ಲಿ ಓದುವವರೆಲ್ಲ ದಡ್ಡರಲ್ಲ, ತಡವಾಗಿ ಶುರುಮಾಡಿದವರೆಲ್ಲ ಹಿಂದೆ ಬಿದ್ದವರೂ ಅಲ್ಲ. ಆದರೆ ಹಣ ಕಟ್ಟುವ ಮೊದಲು ವಿಚಾರಿಸಿ, ಒಪ್ಪಿಗೆಯನ್ನು ಬರೆಹದಲ್ಲೇ ಪಡೆಯಿರಿ. ಅಜ್ಜ-ಅಜ್ಜಿಯಂದಿರೇ, ಮೊಮ್ಮಕ್ಕಳು ಈ ರಜೆಗೆ ಬರುವುದಿಲ್ಲವೆಂದರೆ “ಫೇಲಾ?” ಎಂದು ಕೇಳುವ ಮುಂಚೆ “ಏನು ಓದುತ್ತಿದ್ದಿ?” ಎಂದು ಕೇಳೋಣ. ಹೇಳಲು ಅವರ ಹತ್ತಿರ ಬೇಕಾದಷ್ಟಿರುತ್ತದೆ.